ಸ್ಟಾರ್ಟ್ ಎಲ್ಲರಿಗೂ ಬರುತ್ತದೆ
(ಬಾನುಲಿ ಭಾಷಣ)



ಫ್ಯಾಕ್ಸ್ ಯಂತ್ರದ ಕೀಗಳ ಬಗ್ಗೆ ಈಗ ಯಾರಾದರೂ ಮಾತಾಡುತ್ತಾರೆಯೇ ಎಂದು ನೀವು ನಗಬಹುದು. ನಗಿ, ತೊಂದರೆಯಿಲ್ಲ. ಮೊಬೈಲಿನಲ್ಲಿ ಫೋಟೊ ತೆಗೆದು ವಾಟ್ಸ್ಯಾಪಿಗೆ ಹಾಕಿದರೆ ಕೆಲಸ ಮುಗಿಯುವ ಕಾಲ ಇದು. ಆದರೂ ನಿಮ್ಮ ಕಚೇರಿಯ ಮೂಲೆಯಲ್ಲಿ ಕೂತಿರುವ ಆಲ್-ಇನ್-ವನ್ ಯಂತ್ರವನ್ನು ನಾಳೆ ಒಮ್ಮೆ ಬಗ್ಗಿ ನೋಡಿ. ಕಾಪಿ, ಸ್ಕ್ಯಾನ್‌ಗಳ ಸಾಲಿನಲ್ಲಿ ಫ್ಯಾಕ್ಸ್ ಎಂಬ ಕೀ ಹಲವು ಯಂತ್ರಗಳಲ್ಲಿ ಇನ್ನೂ ಉಳಿದಿದೆ. ಅಮೆರಿಕದ ಆಸ್ಪತ್ರೆಗಳು, ಜಪಾನಿನ ಕಚೇರಿಗಳು ಅದನ್ನು ಪೂರ್ತಿ ಬಿಟ್ಟಿಲ್ಲ. ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆಯಲ್ಲಿ ಹೊಸ ಫ್ಯಾಕ್ಸ್ ಯಂತ್ರ ಕೊಳ್ಳಬಾರದೆಂಬ ಕಟ್ಟಳೆ ಜಾರಿಗೆ ಬಂದದ್ದೇ 2019ರಲ್ಲಿ. ನಮ್ಮಲ್ಲಿ ಅದಕ್ಕೂ ಮೊದಲೇ, 2013ರ ಜುಲೈಯಲ್ಲಿ, ಟೆಲಿಗ್ರಾಂ ಸತ್ತಿತು. ಫ್ಯಾಕ್ಸ್ ಸತ್ತಿತೆಂದು ಮಾತ್ರ ಯಾರೂ ಘೋಷಿಸಲಿಲ್ಲ.

ಈ ಯಂತ್ರ ಬಂದ ಹೊಸತರಲ್ಲಿ ಉಡುಪಿಯ ಸುತ್ತಮುತ್ತ ಅದನ್ನು ಹೇಳಿಕೊಟ್ಟವರ ಪೈಕಿ ನಾನೂ ಒಬ್ಬ. ಅದರಿಂದ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿ ಕೂತಿದೆ. ಪ್ಯಾನೆಲ್ಲಿನ ಮೇಲೆ ಎಲ್ಲಕ್ಕಿಂತ ದೊಡ್ಡದಾಗಿ ಇರುವ ಸ್ಟಾರ್ಟ್ ಕೀಯನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅದನ್ನು ಒತ್ತಲು ಬಂದವನು ಫ್ಯಾಕ್ಸ್ ಕಲಿತ ಹಾಗೂ ಅಲ್ಲ. ಸ್ಟಾಪ್, ರೆಸಲ್ಯೂಷನ್, ರಿಪೋರ್ಟ್ — ಈ ಮೂರು ಏಕೆ ಇವೆ ಎಂದು ಗೊತ್ತಿದ್ದವನ ಕೈಯಲ್ಲಿ ಮಾತ್ರ ಆ ಯಂತ್ರ ಸರಿಯಾಗಿ ದುಡಿಯಿತು.

ಕೀಗಳಿಗೆ ಬರುವ ಮೊದಲು ಒಳಗೆ ಏನು ನಡೆಯುತ್ತದೆಂದು ಸ್ವಲ್ಪ ತಿಳಿಯಬೇಕು. ಚಿತ್ರವನ್ನು ತಂತಿಯ ಮೇಲೆ ಕಳಿಸುವ ಯೋಚನೆ ಟೆಲಿಫೋನಿಗಿಂತ ಹಳೆಯದು. ಸ್ಕಾಟ್ಲೆಂಡಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಬೇನ್ ಇದಕ್ಕೆ ಪೇಟೆಂಟ್ ಪಡೆದದ್ದು 1843ರಲ್ಲಿ. ಗ್ರಹಾಂ ಬೆಲ್ಲನ ಟೆಲಿಫೋನಿಗೆ ಪೇಟೆಂಟ್ ಸಿಕ್ಕಿದ್ದು 1876ರಲ್ಲಿ. ನಡುವೆ 1865ರಲ್ಲಿ ಪ್ಯಾರಿಸ್ ಮತ್ತು ಲಿಯೋನ್ ನಗರಗಳ ಮಧ್ಯೆ ಇಟಲಿಯ ಕಾಸೆಲ್ಲಿ ಎಂಬವರ ಯಂತ್ರ ಕೈಬರಹದ ಪತ್ರಗಳನ್ನು ತಂತಿಯ ಮೇಲೆ ಸಾಗಿಸುತ್ತಿತ್ತು. ನಾವು ಕಂಡ ಕಚೇರಿ ಫ್ಯಾಕ್ಸ್‌ಗೆ ತಳಪಾಯ 1980ರಲ್ಲಿ ಒಪ್ಪಿಕೊಂಡ ‘ಗ್ರೂಪ್ 3’ ಎಂಬ ಅಂತಾರಾಷ್ಟ್ರೀಯ ನಿಯಮ. ಅದರ ಪ್ರಕಾರ ಕಾಗದದ ಅಡ್ಡಗಲದ ಒಂದು ಗೆರೆಯನ್ನು 1728 ಚುಕ್ಕಿಗಳಾಗಿ ಒಡೆಯುತ್ತಾರೆ. ಪ್ರತಿ ಚುಕ್ಕಿಯೂ ಬಿಳಿಯೋ ಕಪ್ಪೋ, ಅಷ್ಟೇ. ಆ ಲೆಕ್ಕವನ್ನು ಸದ್ದಾಗಿ ಮಾಡಿ ಫೋನ್ ಲೈನಿಗೆ ಬಿಡುತ್ತಾರೆ.

ಕಳಿಸುವ ಯಂತ್ರ ಮೊದಲು ಮೂರು ಮೂರು ಸೆಕೆಂಡು ಬಿಟ್ಟು ಚಿಕ್ಕದಾಗಿ ಪೀ ಎನ್ನುತ್ತದೆ. ಅದು 1100 ಹರ್ಟ್ಸ್‌ನ ಸದ್ದು. ಪಡೆಯುವ ಯಂತ್ರ 2100 ಹರ್ಟ್ಸ್‌ನಲ್ಲಿ ಎಳೆದು ಕೂಗಿ ‘ಇದ್ದೇನೆ’ ಎನ್ನುತ್ತದೆ. ಆಮೇಲೆ ಎರಡೂ ತಮ್ಮ ತಮ್ಮ ಶಕ್ತಿ ಹೇಳಿಕೊಂಡು, ಎರಡಕ್ಕೂ ಆಗುವ ವೇಗವೊಂದನ್ನು ಗೊತ್ತುಮಾಡಿಕೊಳ್ಳುತ್ತವೆ. ಸರ್ವಿಸ್ ಬಸ್ಸಿನಲ್ಲಿ ಪಕ್ಕಪಕ್ಕ ಕೂತ ಅಪರಿಚಿತರಿಬ್ಬರು ತುಳುವೋ ಕೊಂಕಣಿಯೋ ಕುಂದಗನ್ನಡವೋ ಎಂದು ಒಂದೆರಡು ಮಾತಿನಲ್ಲೇ ತೀರ್ಮಾನಿಸಿಕೊಂಡ ಹಾಗೆ. ಈ ತೀರ್ಮಾನ ಆಗುವ ತನಕ ಪುಟ ಹೊರಡುವುದಿಲ್ಲ. ಅಷ್ಟರಲ್ಲಿ ಅವಸರಪಟ್ಟು ರಿಸೀವರ್ ಎತ್ತಿ ‘ಹಲೋ ಹಲೋ’ ಎಂದವರು ಆ ಮಾತುಕತೆಯನ್ನೇ ಕೆಡಿಸುತ್ತಿದ್ದರು.

ಆಗ ಒಂದು ಮಾತು ಎಲ್ಲ ಕಚೇರಿಗಳಲ್ಲೂ ಕೇಳುತ್ತಿತ್ತು, ನೆನಪಿದೆಯೇ?

“ನಮಸ್ಕಾರ, ಒಂದು ಫ್ಯಾಕ್ಸ್ ಉಂಟು, ಟೋನ್ ಕೊಡಿ.”

“ಈಗ ಕೊಡ್ತೇನೆ. ಫೋನ್ ಇಡಬೇಡಿ ಆಯ್ತಾ?”

ಕಾಪುವಿನಂಥ ಪೇಟೆಯಲ್ಲಿ ಫೋನಿಗೊಂದು, ಫ್ಯಾಕ್ಸಿಗೊಂದು ಎಂದು ಎರಡು ಲೈನ್ ಇಟ್ಟುಕೊಳ್ಳುವ ಶಕ್ತಿ ಎಷ್ಟು ಅಂಗಡಿಗಳಿಗಿತ್ತು? ಇದ್ದ ಒಂದೇ ಲೈನಿನಲ್ಲಿ ಮಾತೂ ಆಗಬೇಕು, ಕಾಗದವೂ ಬರಬೇಕು. ಹಾಗಾಗಿ ಹಗಲು ಹೊತ್ತು ಯಂತ್ರವನ್ನು ಟೆಲಿಫೋನ್ ಸ್ಥಿತಿಯಲ್ಲೇ ಇಟ್ಟು, ಯಾರಾದರೂ ಟೋನ್ ಕೇಳಿದರೆ ಸ್ಟಾರ್ಟ್ ಒತ್ತುವುದು ವಾಡಿಕೆ. ಇಲ್ಲೊಂದು ಕ್ರಮ ಇದೆ. ಮೊದಲು ಸ್ಟಾರ್ಟ್ ಒತ್ತಬೇಕು, ರಿಸೀವರ್ ಇಡುವುದು ಆಮೇಲೆ. ತಲೆಕೆಳಗು ಮಾಡಿದರೆ ಲೈನ್ ಕತ್ತರಿಸಿ ಹೋಗುತ್ತದೆ. ಎಸ್‌ಟಿಡಿ ಎಂಬ ದೂರದೂರಿನ ಕರೆಯ ಬಿಲ್ಲು ಕಟ್ಟಿ ಕರೆದವನು ಮತ್ತೆ ಕರೆದು ನಾಲ್ಕು ಮಾತು ಬಯ್ಯುತ್ತಿದ್ದ.

ಇನ್ನೊಂದು ಸೂಕ್ಷ್ಮ ಇದಕ್ಕಿಂತ ಮುಖ್ಯ. ಯಂತ್ರದ ತಲೆಯ ಮೇಲಿನ ತಟ್ಟೆಯಲ್ಲಿ ಯಾವುದಾದರೂ ಹಾಳೆ ಇದ್ದರೆ ಸ್ಟಾರ್ಟ್ ಅಂದರೆ ‘ಕಳಿಸು’. ತಟ್ಟೆ ಖಾಲಿಯಿದ್ದರೆ ಅದೇ ಸ್ಟಾರ್ಟ್ ಅಂದರೆ ‘ಪಡೆ’. ಬೆಳಿಗ್ಗೆ ಕಳಿಸಬೇಕೆಂದು ಸಿಕ್ಕಿಸಿಟ್ಟ ಕಾಗದ ಅಲ್ಲೇ ಇದ್ದು, ಟೋನ್ ಕೊಡಲು ಹೋದವನು ಸ್ಟಾರ್ಟ್ ಒತ್ತಿದರೆ ಆ ಕಾಗದ ಸಂಬಂಧವಿಲ್ಲದವರ ಕಡೆ ಹೊರಡುತ್ತದೆ. ಅಂಥ ಹೊತ್ತಿಗೆ ಸ್ಟಾಪ್. ಹಾಳೆ ರೋಲರಿನೊಳಗೆ ಅರ್ಧ ಹೋಗಿರುವಾಗ ಕೈಯಿಂದ ಎಳೆಯಬಾರದು. ಸ್ಟಾಪ್ ಒತ್ತಿ, ಮುಚ್ಚಳ ತೆರೆದು, ಆಮೇಲೆ ಬಿಡಿಸಿಕೊಳ್ಳಬೇಕು. ಮಳೆಗಾಲದಲ್ಲಿ ನಮ್ಮ ಕರಾವಳಿಯ ಕಾಗದ ತೇವ ಕುಡಿದು ಮೆತ್ತಗಾಗಿರುತ್ತದೆ. ಎರಡು ಹಾಳೆ ಒಂದಕ್ಕೊಂದು ಅಂಟಿ ಒಟ್ಟಿಗೇ ನುಗ್ಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಸ್ಟಾಪ್ ಕೀಗೆ ಸ್ಟಾರ್ಟ್‌ನಷ್ಟೇ ಕೆಲಸ.

ಸಂಜೆ ಬಾಗಿಲು ಹಾಕುವ ಮೊದಲು ಆಟೊ ಆನ್ಸರ್ ಒತ್ತಿ ದೀಪ ಉರಿಯುವ ಹಾಗೆ ಮಾಡುವುದು ಅಟೆಂಡರ್ ಕೆಲಸ. ರಾತ್ರಿ ಬರುವ ಫ್ಯಾಕ್ಸ್‌ಗಳನ್ನು ಯಂತ್ರವೇ ತೆಗೆದುಕೊಳ್ಳುತ್ತದೆ. ಬೆಳಿಗ್ಗೆ ಅದನ್ನು ಆರಿಸಲು ಮರೆತರೆ, ಫೋನ್ ಮಾಡಿದ ಗಿರಾಕಿಗಳ ಕಿವಿಗೆ ಕೀ ಎಂದು ಕೂಗುತ್ತದೆ.

ಕಾಪು, ಶಿರ್ವ, ಪಡುಬಿದ್ರಿ ಕಡೆಯ ಎಸ್‌ಟಿಡಿ ಬೂತ್‌ಗಳಲ್ಲಿ ಫ್ಯಾಕ್ಸ್‌ನ ನಿಜವಾದ ಗಿರಾಕಿ ಗಲ್ಫ್‌ಗೆ ಹೊರಟವರ ಮನೆಯವರು. ದುಬೈಯಿಂದಲೋ ಕುವೈಟಿನಿಂದಲೋ ವೀಸಾ ಕಾಪಿ ಬರಬೇಕಿತ್ತು. ಮೂಲಪ್ರತಿ ಅಲ್ಲಿನ ವಿಮಾನ ನಿಲ್ದಾಣದಲ್ಲಿ ಕಾಯುತ್ತಿತ್ತು. ಹೊರಡುವವನ ಕೈಯಲ್ಲಿರುತ್ತಿದ್ದುದು ಫ್ಯಾಕ್ಸ್ ಪ್ರತಿ. ಅದರಲ್ಲಿ ಪಾಸ್‌ಪೋರ್ಟ್ ನಂಬರಿನ 3 ಹೋಗಿ 8 ಆಗಿ ಕಂಡರೆ ಮನೆಯಲ್ಲಿ ನಿದ್ದೆಯಿಲ್ಲ. ಸಮುದ್ರದಾಚೆಯ ಲೈನುಗಳಲ್ಲಿ ಆಗ ಪ್ರತಿಧ್ವನಿ ಬಹಳ. ಯಂತ್ರಕ್ಕೆ ತಾನು ಆಡಿದ್ದೇ ತಿರುಗಿ ಕೇಳಿಸಿ ಗಲಿಬಿಲಿಯಾಗುತ್ತಿತ್ತು. ಅದಕ್ಕೆಂದೇ ಮೆನುವಿನೊಳಗೆ ‘ಓವರ್‌ಸೀಸ್ ಮೋಡ್’ ಎಂಬ ಒಂದು ಆಯ್ಕೆ ಇಟ್ಟಿದ್ದರು. ಇಲ್ಲಿಂದ ಅಲ್ಲಿಗೆ ಕಳಿಸುವಾಗ ಅದನ್ನು ಹಾಕಿದರೆ ಯಂತ್ರ ವೇಗ ತಗ್ಗಿಸಿ ನಿಧಾನವಾಗಿ ಕಳಿಸುತ್ತದೆ. ಕಾಸು ಸ್ವಲ್ಪ ಹೆಚ್ಚು ಬೀಳುತ್ತದೆ, ಕೆಲಸ ಮಾತ್ರ ಒಂದೇ ಸಲಕ್ಕೆ ಆಗುತ್ತದೆ. ಗಲ್ಫ್ ಸಂಬಂಧವಿರುವ ಊರಿನ ಬೂತಿನವರಿಗೆ ಇದು ಗೊತ್ತಿತ್ತು, ದೊಡ್ಡ ಕಚೇರಿಗಳ ಮ್ಯಾನೇಜರರಿಗೆ ಗೊತ್ತಿರಲಿಲ್ಲ.

ಮಣಿಪಾಲದ ಸಮಸ್ಯೆ ಬೇರೆಯೇ. ಆಗ ಅಲ್ಲಿ ಒಂದು ಬ್ಯಾಂಕಿನ ಪ್ರಧಾನ ಕಚೇರಿ, ಆಸ್ಪತ್ರೆ, ಕಾಲೇಜುಗಳು, ಮುದ್ರಣಾಲಯ ಎಲ್ಲ ಒಂದೇ ಗುಡ್ಡದ ಮೇಲಿದ್ದವು. ಅಂಥ ದೊಡ್ಡ ಸಂಸ್ಥೆ ಎಂದರೆ ಒಳಗೆ ಇಪಿಎಬಿಎಕ್ಸ್ ಎಂಬ ಸ್ವಂತ ಟೆಲಿಫೋನ್ ಎಕ್ಸ್‌ಚೇಂಜ್ ಇರುತ್ತದೆ, ಹೊರಗಿನ ಲೈನ್ ಬೇಕಾದರೆ ಮೊದಲು ಸೊನ್ನೆ ಒತ್ತಬೇಕು. ಮನುಷ್ಯನಾದರೆ ಸೊನ್ನೆ ಒತ್ತಿ, ಡಯಲ್ ಟೋನ್ ಬರುವ ತನಕ ಕಾದು, ಮುಂದಿನ ನಂಬರ್ ಒತ್ತುತ್ತಾನೆ. ಯಂತ್ರಕ್ಕೆ ಕಾಯಲು ಹೇಳುವವರು ಯಾರು? ಅದಕ್ಕೇ ಪಾಜ್, ಅಂದರೆ ‘ತಡೆ’, ಎಂಬ ಕೀ. ಸೊನ್ನೆ, ಪಾಜ್, ಆಮೇಲೆ ನಂಬರು. ತಮಾಷೆ ಎಂದರೆ ಹೆಚ್ಚಿನ ಯಂತ್ರಗಳಲ್ಲಿ ರೀಡಯಲ್ ಮತ್ತು ಪಾಜ್ ಎರಡೂ ಒಂದೇ ಕೀ. ಮೊದಲಿಗೇ ಒತ್ತಿದರೆ ಹಿಂದಿನ ನಂಬರಿಗೆ ಮತ್ತೆ ಕರೆ ಹೋಗುತ್ತದೆ, ನಂಬರಿನ ಮಧ್ಯದಲ್ಲಿ ಒತ್ತಿದರೆ ಕೆಲವು ಸೆಕೆಂಡು ತಡೆದು ಮುಂದುವರಿಯುತ್ತದೆ. ಹೇಳದೆ ಇದು ಯಾರಿಗೆ ಹೊಳೆಯಬೇಕು? ಕೈಪಿಡಿಯಲ್ಲಿ ಬರೆದಿತ್ತು ನಿಜ, ಆದರೆ ಕೈಪಿಡಿ ಇಂಗ್ಲಿಷಿನಲ್ಲಿ, ಅದೂ ಮ್ಯಾನೇಜರರ ಕಪಾಟಿನೊಳಗೆ ಬೀಗ ಹಾಕಿ.

ಟೈಪಿಂಗ್ ಕಲಿತವರು ಫ್ಯಾಕ್ಸ್ ಪ್ಯಾನೆಲ್ ಎದುರು ತಬ್ಬಿಬ್ಬಾಗುವುದಕ್ಕೆ ಕಾರಣ ಇತ್ತು. ಕೀಬೋರ್ಡ್‌ಗೆ ಒಂದು ಒಪ್ಪಿತ ವಿನ್ಯಾಸ ಇರುತ್ತದೆ. ಕನ್ನಡಕ್ಕೇ ಕೆ.ಪಿ. ರಾವ್ ಅವರು ಕೊಟ್ಟ ವಿನ್ಯಾಸವನ್ನು ಒಮ್ಮೆ ಬೆರಳಿಗೆ ಹತ್ತಿಸಿಕೊಂಡರೆ ಯಾವ ಕಂಪ್ಯೂಟರಿನಲ್ಲೂ ಬರೆಯಬಹುದು. ಫ್ಯಾಕ್ಸ್‌ಗೆ ಆ ಭಾಗ್ಯವಿಲ್ಲ. ಕ್ಯಾನನ್‌ನ ಪ್ಯಾನೆಲ್ ಒಂದು ಥರ, ಬ್ರದರ್‌ನದು ಇನ್ನೊಂದು ಥರ, ಶಾರ್ಪ್‌ನದು ಮತ್ತೊಂದು. ಲೈನಿನ ಮೇಲೆ ಯಂತ್ರಗಳು ಮಾತಾಡುವ ರೀತಿಗೆ ಜಗತ್ತೆಲ್ಲ ಒಪ್ಪಿದ ನಿಯಮ ಇದೆ, ಬೆರಳು ಒತ್ತುವ ಕೀಗೆ ಇಲ್ಲ.

ನಮ್ಮ ಕಡೆಯ ಚಿಕ್ಕ ಕಚೇರಿಗಳಲ್ಲಿ ಹೆಚ್ಚಾಗಿ ಕಂಡದ್ದು ಪ್ಯಾನಾಸೋನಿಕ್ ಕಂಪನಿಯ ಕೆಎಕ್ಸ್-ಎಫ್‌ಟಿ ಸರಣಿಯ ಯಂತ್ರ. ಸುರುಳಿ ಕಾಗದ, ಮೇಲೊಂದು ರಿಸೀವರ್. ಅದರ ಹಲವು ಮಾದರಿಗಳಲ್ಲಿ ಮೆನು ಒತ್ತಿ, ಹ್ಯಾಶ್ ಒತ್ತಿ, 01 ಒತ್ತಿದರೆ ದಿನಾಂಕ ಮತ್ತು ಗಂಟೆ ಸರಿಪಡಿಸುವ ಜಾಗ ಸಿಗುತ್ತದೆ. 02ರಲ್ಲಿ ಕಚೇರಿಯ ಹೆಸರು, 03ರಲ್ಲಿ ನಮ್ಮ ಫ್ಯಾಕ್ಸ್ ನಂಬರು. ಹೆಸರು ಬರೆಯುವುದೆಂದರೆ 2ರ ಕೀಯನ್ನು ಒಂದು ಸಲ ಒತ್ತಿದರೆ ‘ಎ’, ಎರಡು ಸಲ ಒತ್ತಿದರೆ ‘ಬಿ’. ಮುಂದೆ ಮೊಬೈಲಿನಲ್ಲಿ ಎಸ್‌ಎಂಎಸ್ ಬಂದಾಗ ಫ್ಯಾಕ್ಸ್ ಕಲಿತ ಗುಮಾಸ್ತರ ಬೆರಳು ಉಳಿದವರಿಗಿಂತ ಚುರುಕಾಗಿ ಓಡಿದ್ದು ಇದರಿಂದಲೇ. ದಿನಾಂಕ ಹಾಕುವಾಗ ಒಂದು ಎಚ್ಚರ: ಆ ಮಾದರಿಗಳಲ್ಲಿ ಕೆಲವು ಮೊದಲು ಕೇಳುವುದು ತಿಂಗಳು, ಆಮೇಲೆ ದಿನ. ನಮ್ಮ ಅಭ್ಯಾಸಕ್ಕೆ ತಿರುಗುಮುರುಗು. ಆಗಸ್ಟ್ 5 ಎಂದು ಹಾಕಲು ಹೋದವರ ಯಂತ್ರ ಮೇ 8 ಎಂದು ಅಚ್ಚು ಹೊಡೆಯುತ್ತಿತ್ತು.

ದಿನಾಂಕ ತಪ್ಪಿದರೆ ಏನು ಮಹಾ ಎಂದು ಕೇಳುವವರಿಗೆ ಕಾರ್ಕಳದ ತರಗತಿಯಲ್ಲಿ ನಾನು ಒಂದು ಮೊಕದ್ದಮೆಯನ್ನು ಹೇಳುತ್ತಿದ್ದೆ. ಅಲ್ಲಿ ಕೂತಿದ್ದವರಲ್ಲಿ ವಕೀಲರ ಗುಮಾಸ್ತರೇ ಹೆಚ್ಚು, ಹಾಗಾಗಿ ಕಿವಿ ನೆಟ್ಟಗಾಗುತ್ತಿತ್ತು. ಬೆಂಗಳೂರಿನ ಒಂದು ರೇಷ್ಮೆ ರಫ್ತು ಸಂಸ್ಥೆಗೆ ಅಮೆರಿಕದ ಆಮದುದಾರರು ಕೊಟ್ಟ ಚೆಕ್ಕುಗಳು ಬೌನ್ಸ್ ಆದವು. ಸಂಸ್ಥೆಯವರು 1996ರ ಜೂನ್ 11ರಂದು ಫ್ಯಾಕ್ಸ್‌ನಲ್ಲಿ ನೋಟಿಸ್ ಕಳಿಸಿದರು. ಮರುದಿನ ಅದನ್ನೇ ರಿಜಿಸ್ಟರ್ಡ್ ಅಂಚೆಯಲ್ಲೂ ಹಾಕಿದರು. ಅಂಚೆ ತಲುಪಿದ್ದು ಜೂನ್ 25ಕ್ಕೆ. ಕಾನೂನಿನಂತೆ ನೋಟಿಸ್ ತಲುಪಿದ 15 ದಿನಗಳೊಳಗೆ ಹಣ ಬಾರದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ದೂರು ಕೊಡಬೇಕು. ಅಂಚೆಯ ಲೆಕ್ಕ ಹಿಡಿದು ಅವರು ಆಗಸ್ಟ್ 8ರಂದು ದೂರು ಕೊಟ್ಟರು. 1999ರಲ್ಲಿ ಸುಪ್ರೀಂ ಕೋರ್ಟ್ ಏನು ಹೇಳಿತು? ಫ್ಯಾಕ್ಸ್‌ನಲ್ಲಿ ಕಳಿಸಿದ ನೋಟಿಸೂ ನೋಟಿಸೇ. ಗಡುವು ಎಣಿಸಬೇಕಾದದ್ದು ಫ್ಯಾಕ್ಸ್ ತಲುಪಿದ ದಿನದಿಂದ. ಹಾಗೆ ಎಣಿಸಿದರೆ ದೂರು ಜುಲೈ ಕೊನೆಯ ವಾರದೊಳಗೆ ಬರಬೇಕಿತ್ತು. ಬರಲಿಲ್ಲ, ಕೇಸು ಬಿತ್ತು. ತಾನೇ ಕಳಿಸಿದ ಫ್ಯಾಕ್ಸ್ ತನಗೇ ಮುಳುವಾಯಿತು.

ಇದನ್ನು ಕೇಳಿದ ಮೇಲೆ ರಿಪೋರ್ಟ್ ಏಕೆಂದು ಯಾರೂ ಕೇಳುತ್ತಿರಲಿಲ್ಲ. ಫ್ಯಾಕ್ಸ್ ಹೋದ ಮೇಲೆ ಯಂತ್ರ ಒಂದು ಚೀಟಿ ಅಚ್ಚು ಹಾಕುತ್ತದೆ: ಯಾವ ನಂಬರಿಗೆ, ಎಷ್ಟು ಗಂಟೆಗೆ, ಎಷ್ಟು ಪುಟ, ಎಷ್ಟು ಹೊತ್ತು, ಫಲಿತಾಂಶ ಏನು. ಕಾಗದ ಉಳಿಸಲೆಂದು ಹೆಚ್ಚಿನ ಕಚೇರಿಗಳಲ್ಲಿ ಇದನ್ನು ಆಫ್ ಮಾಡಿಡುತ್ತಿದ್ದರು. ಅದು ತೀರಾ ದಡ್ಡ ಉಳಿತಾಯ ಎಂದು ನನ್ನ ಅಭಿಪ್ರಾಯ. ಚೀಟಿಯನ್ನು ಓದುವುದಕ್ಕೂ ಕಲಿಯಬೇಕು. ಫಲಿತಾಂಶ ‘ಓಕೆ’ ಎಂದು ಬಂದರೆ ಅಲ್ಲಿನ ಯಂತ್ರ ಪುಟವನ್ನು ಪಡೆದಿದೆ ಎಂದು ಮಾತ್ರ ಅರ್ಥ. ಯಾರೋ ಓದಿದ್ದಾರೆ ಎಂದಲ್ಲ, ಪುಟದಲ್ಲಿ ಏನಾದರೂ ಇತ್ತು ಎಂದೂ ಅಲ್ಲ. ಈ ಯಂತ್ರಗಳಲ್ಲಿ ಬರಹ ಇರುವ ಮಗ್ಗುಲು ಕೆಳಗೆ ಬರುವ ಹಾಗೆ ಹಾಳೆ ಇಡಬೇಕು. ಮೇಲ್ಮುಖವಾಗಿ ಇಟ್ಟರೆ ಅದು ಬಿಳಿ ಬೆನ್ನನ್ನೇ ಓದಿ, ಖಾಲಿ ಪುಟ ಕಳಿಸಿ, ಚೀಟಿಯಲ್ಲಿ ‘ಓಕೆ’ ಎಂದೇ ಬರೆಯುತ್ತದೆ. ಇದನ್ನು ಹಿಡಿಯುವುದು ಚೀಟಿಯಲ್ಲಿರುವ ಹೊತ್ತಿನಿಂದ. ಫ್ಯಾಕ್ಸ್ ಪ್ರತಿ ಚುಕ್ಕಿಯನ್ನೂ ಬೇರೆಬೇರೆಯಾಗಿ ಕಳಿಸುವುದಿಲ್ಲ, ‘ಇಲ್ಲಿಂದ ಇಷ್ಟು ದೂರ ಬಿಳಿ’ ಎಂದು ಒಟ್ಟಾಗಿ ಹೇಳಿಬಿಡುತ್ತದೆ. ಆದ್ದರಿಂದ ಖಾಲಿ ಪುಟ ಬೇಗ ಹೋಗುತ್ತದೆ, ಒತ್ತಾಗಿ ಬರೆದದ್ದು ತಡವಾಗುತ್ತದೆ. ತುಂಬಿದ ಪುಟವೊಂದು ಕಣ್ಣುಮುಚ್ಚಿ ತೆರೆಯುವುದರೊಳಗೆ ಹೋಗಿದ್ದರೆ ಹಾಳೆ ತಿರುಗಿಸಿ ನೋಡಿ.

ಇನ್ನು ರೆಸಲ್ಯೂಷನ್. ಕನ್ನಡದಲ್ಲಿ ಪತ್ರ ಬರೆಯುವ ನಮಗೆ ಇದು ಎಲ್ಲಕ್ಕಿಂತ ಮುಖ್ಯ ಕೀ. ಆದರೆ ಇದರ ಕಡೆ ಕೈ ಹೋಗುವುದೇ ಕಡಿಮೆ. ಸ್ಟ್ಯಾಂಡರ್ಡ್‌ನಲ್ಲಿಟ್ಟರೆ ಯಂತ್ರ ಮೇಲಿನಿಂದ ಕೆಳಕ್ಕೆ ಒಂದು ಮಿಲಿಮೀಟರಿಗೆ ನಾಲ್ಕಕ್ಕಿಂತ ತುಸು ಕಡಿಮೆ ಗೆರೆಗಳನ್ನು ಓದುತ್ತದೆ, ನಿಯಮದ ಪ್ರಕಾರ 3.85. ಫೈನ್‌ನಲ್ಲಿ ಅದರ ಎರಡರಷ್ಟು, 7.7. ಅಡ್ಡಕ್ಕೆ ಎರಡರಲ್ಲೂ ಒಂದೇ, ಮಿಲಿಮೀಟರಿಗೆ ಸುಮಾರು ಎಂಟು ಚುಕ್ಕಿ. ಅಂದರೆ ಸ್ಟ್ಯಾಂಡರ್ಡ್‌ನಲ್ಲಿ ಉಳಿತಾಯ ಮಾಡುವುದೆಲ್ಲ ಎತ್ತರದಲ್ಲಿ. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಸಾಲಿನಲ್ಲಿ ನಿಲ್ಲುವಂಥವು, ಅವುಗಳಿಗೆ ಇದು ಸಾಕು. ಕನ್ನಡ ಹಾಗಲ್ಲ. ನಮ್ಮ ಗುಣಿತ ತಲೆಯ ಮೇಲೆ, ಒತ್ತಕ್ಷರ ಕಾಲ ಕೆಳಗೆ. ಎರಡು ಮಿಲಿಮೀಟರ್ ಎತ್ತರದ ಒತ್ತಿಗೆ ಸ್ಟ್ಯಾಂಡರ್ಡ್‌ನಲ್ಲಿ ಸಿಗುವುದು ಏಳೆಂಟು ಗೆರೆ. ‘ತ’ದ ಒತ್ತು ಮತ್ತು ‘ನ’ದ ಒತ್ತು ಎರಡೂ ಅಲ್ಲಿ ಒಂದೇ ಕಪ್ಪು ಗಂಟು. ಪಂಚಾಯತಿನಿಂದ ಜಿಲ್ಲಾ ಕಚೇರಿಗೆ ಹೋದ ಕನ್ನಡ ಪತ್ರ ಓದಲಾಗದೆ, ‘ಇನ್ನೊಮ್ಮೆ ಕಳಿಸಿ ಮಾರಾಯ್ರೆ’ ಎಂಬ ಫೋನ್ ಬರುತ್ತಿದ್ದದ್ದು ಇದಕ್ಕೇ. ಯಂತ್ರ ಹಳತಾಯಿತು, ಲೈನ್ ಸರಿಯಿಲ್ಲ ಎಂದೆಲ್ಲ ದೂರುತ್ತಿದ್ದರು. ರೆಸಲ್ಯೂಷನ್ ಕೀಯನ್ನು ಒಂದು ಸಲ ಒತ್ತಿ ಫೈನ್ ಮಾಡಿದ್ದರೆ ಸಾಕಿತ್ತು. ಹೊತ್ತು ಸುಮಾರು ಇಮ್ಮಡಿ ಹಿಡಿಯುತ್ತದೆ, ಹೌದು. ಎಸ್‌ಟಿಡಿ ದರ ಬೆನ್ನು ಮುರಿಯುತ್ತಿದ್ದ ದಿನಗಳಲ್ಲಿ ಅದು ಚಿಕ್ಕ ಮಾತಲ್ಲ. ಆದರೆ ಓದಲಾಗದ್ದನ್ನು ಎರಡು ಸಲ ಕಳಿಸಿದರೂ ಅಷ್ಟೇ ಹೊತ್ತು ತಾನೆ?

ದುಡ್ಡಿನ ಚಿಂತೆ ಇರುವವರಿಗೆ ಇನ್ನೊಂದು ದಾರಿ ಇತ್ತು. ರಾತ್ರಿ ಹನ್ನೊಂದರ ನಂತರ ಎಸ್‌ಟಿಡಿಗೆ ಕಾಲು ದರ ಇದ್ದ ಕಾಲದಲ್ಲಿ ಬೂತುಗಳ ಎದುರು ಸಾಲು ನಿಲ್ಲುತ್ತಿತ್ತು. ಮೆನುವಿನಲ್ಲಿ ‘ಡಿಲೇಡ್’ ಎಂಬುದನ್ನು ಹಾಕಿ ಹನ್ನೊಂದೂಕಾಲು ಎಂದು ಗಂಟೆ ಕೊಟ್ಟರೆ, ಯಂತ್ರ ತಾನೇ ಆ ಹೊತ್ತಿಗೆ ಎದ್ದು ಕಳಿಸಿ ಮಲಗುತ್ತಿತ್ತು. ಈ ಸೌಲಭ್ಯ ಬಳಸಿದವರು ಬೆರಳೆಣಿಕೆಯಷ್ಟು.

ಹಿಂದೆ ಉಡುಪಿಯ ಎಸ್‌ಟಿಡಿ ಕೋಡು 08252 ಇತ್ತು. ಅದು 0820 ಆದಾಗ, ನಂಬರುಗಳೂ ಏಳಂಕಿಗೆ ಬೆಳೆದಾಗ, ಒಂದೇ ಗುಂಡಿ ಒತ್ತಿದರೆ ಕರೆ ಹೋಗುವ ಹಾಗೆ ಯಂತ್ರದಲ್ಲಿ ತುಂಬಿಟ್ಟ ನಂಬರುಗಳೆಲ್ಲ ಹಳಸಿಹೋದವು. ಕಾರ್ಕಳದ 08258 ಹಾಗೇ ಉಳಿಯಿತು. ಯಾರದ್ದು ಬದಲಾಯಿತು, ಯಾರದ್ದು ಇಲ್ಲ ಎಂದು ತಿಳಿಯದೆ ಎಷ್ಟೋ ಯಂತ್ರಗಳು ಇಲ್ಲದ ನಂಬರಿಗೆ ಮತ್ತೆ ಮತ್ತೆ ಡಯಲ್ ಮಾಡುತ್ತ ಕೂತವು.

ಒಂದು ಕೆಲಸಕ್ಕೆ ಮಾತ್ರ ಪ್ಯಾನೆಲ್ಲಿನಲ್ಲಿ ಕೀ ಇಲ್ಲ. ಏಪ್ರಿಲ್-ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರಿನಲ್ಲಿ, ಸಂಜೆ ಘಟ್ಟದ ಕಡೆಯಿಂದ ಗುಡುಗು ಶುರುವಾದರೆ ಗೋಡೆಯಿಂದ ಕರೆಂಟಿನ ಪ್ಲಗ್ಗನ್ನೂ ಫೋನ್ ವಯರನ್ನೂ ಎರಡನ್ನೂ ಕೀಳಬೇಕು. ಕರೆಂಟು ತೆಗೆದು ಫೋನ್ ವಯರ್ ಬಿಟ್ಟವರ ಯಂತ್ರಗಳು ಸಿಡಿಲಿಗೆ ಸುಟ್ಟದ್ದು ಬಹಳ. ಸಿಡಿಲಿನ ಹೊಡೆತ ಬರುವುದು ಕಂಬದ ಮೇಲಿನ ಆ ತೆಳು ತಂತಿಯಲ್ಲೂ ಹೌದು.

ಈಗ ತಾಮ್ರದ ತಂತಿ ಹೋಗಿ ಫೈಬರ್ ಬರುತ್ತಿದೆ. ಅದರಲ್ಲಿ ಧ್ವನಿಯನ್ನು ತುಂಡು ತುಂಡು ಮಾಡಿ ಕಳಿಸುತ್ತಾರೆ. ಮನುಷ್ಯನ ಕಿವಿ ಒಂದೆರಡು ತುಂಡು ತಪ್ಪಿದರೂ ಸಹಿಸುತ್ತದೆ, ಫ್ಯಾಕ್ಸ್ ಸಹಿಸುವುದಿಲ್ಲ, ಅರ್ಧ ಪುಟಕ್ಕೆ ನಿಂತುಬಿಡುತ್ತದೆ. ಫೈಬರ್ ಲೈನಿನಲ್ಲಿ ಫ್ಯಾಕ್ಸ್ ಬಳಸಲೇಬೇಕಾದವರು ಯಂತ್ರದ ವೇಗ ತಗ್ಗಿಸಿ ನೋಡಿ, ಅಂದು ಗಲ್ಫ್‌ಗೆ ಮಾಡಿದ ಹಾಗೆ. ಕೆಲವೊಮ್ಮೆ ನಡೆಯುತ್ತದೆ.

ಕೊನೆಗೆ ಒಂದು ವಿನಂತಿ, ಇದು ಯಂತ್ರ ಗುಜರಿಗೆ ಹಾಕಿದವರಿಗೂ ಸೇರಿ. ಸುರುಳಿ ಕಾಗದದ ಮೇಲೆ ಬಂದ ಹಳೆಯ ಫ್ಯಾಕ್ಸ್‌ಗಳಲ್ಲಿ ಶಾಯಿ ಇಲ್ಲ. ಬಿಸಿ ತಾಗಿದರೆ ಕಪ್ಪಾಗುವ ಲೇಪ ಅಷ್ಟೇ. ಹೊಸ ಸುರುಳಿಯ ಮೇಲೆ ಉಗುರಿನಿಂದ ಗೀರಿದರೂ ಕಪ್ಪು ಗೆರೆ ಬೀಳುವುದು ಅದಕ್ಕೇ. ಆ ಕಪ್ಪು ಬಿಸಿಲಿಗೆ, ತೇವಕ್ಕೆ, ಪ್ಲಾಸ್ಟಿಕ್ ಕವರಿಗೆ, ಸೆಲೊಟೇಪಿಗೆ ಮಾಸಿಹೋಗುತ್ತದೆ. ತೊಂಬತ್ತರ ದಶಕದ ಕಡತಗಳಲ್ಲಿ ಜಾಗದ ಒಪ್ಪಂದ, ವಿಮೆಯ ಅನುಮತಿ, ಕೋರ್ಟಿನ ನೋಟಿಸು, ಗಲ್ಫ್‌ನಿಂದ ಬಂದ ಸಂಬಳದ ಪತ್ರ ಹೀಗೆ ಏನೇನೋ ಇರಬಹುದು. ಕಪಾಟು ತೆರೆದು, ಹೊಳಪಿನ ತೆಳು ಹಾಳೆಗಳನ್ನು ಹುಡುಕಿ ತೆಗೆದು, ಅಕ್ಷರ ಕಾಣುವಾಗಲೇ ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ.